ಟಾರ್ಚ್ ಹಿಡಿಯೋ ಕೈ ಯಾರದ್ದು?

ಮೊದಲೇ ಒಪ್ಕೊಂಡುಬಿಡ್ತೀನಿ. ಆ ಕೆಂಪು ಗೆರೆ ಎಳೆದವಳು ನಾನೇ.

ಟಿಗ್ ವೆಲ್ಡಿಂಗ್ ಮಷೀನಿನ ಕೊಟೇಶನ್ ಬಂದಿತ್ತು. ಮಷೀನು, ಪೆಡಲ್ಲು, ರೆಗ್ಯುಲೇಟರ್ರು ಎಲ್ಲಾ ಆದಮೇಲೆ ಕೊನೆಯ ಎರಡು ಸಾಲಲ್ಲಿ ವಾಟರ್ ಕೂಲ್ಡ್ ಟಾರ್ಚ್ ಮತ್ತು ಅದಕ್ಕೊಂದು ಕೂಲರ್. ಎರಡರ ಮುಂದೂ 'ಆಪ್ಷನಲ್' ಅಂತ ಬರೆದಿತ್ತು. ಆಪ್ಷನಲ್ ಅನ್ನೋ ಪದ ಕಂಡ್ರೆ ನಮ್ಮಂಥವರ ಕೈ ತಾನಾಗೇ ಡಿಲೀಟ್ ಬಟನ್ನಿನ ಮೇಲೆ ಹೋಗುತ್ತೆ. ಎರಡೂ ಸಾಲು ಹೊಡೆದು ಹಾಕಿ, ಬಜೆಟ್ಟಿನ ಒಳಗೇ ಮುಗಿಸಿದೆ ಅಂತ ಮೀಟಿಂಗಲ್ಲಿ ಶಭಾಷ್‌ಗಿರಿನೂ ತಗೊಂಡೆ. ಮಷೀನಿನ ಜೊತೆ ಪುಕ್ಕಟೆ ಬಂದ ಏರ್ ಕೂಲ್ಡ್ ಟಾರ್ಚ್ ಇದೆಯಲ್ಲ, ಅದರ ಮೇಲೆ ದಪ್ಪಕ್ಷರದಲ್ಲಿ 200 ಆಂಪ್ಸ್ ಅಂತ ಇದೆಯಲ್ಲ, ಮತ್ತೇನು?

ನಮ್ಮದು ಪೀಣ್ಯದ ಒಂದು ಶೆಡ್ಡು. ಎಲೆಕ್ಟ್ರಿಕ್ ಗಾಡಿಗಳಲ್ಲಿ ಬ್ಯಾಟರಿ ಕೂರಿಸೋ ಅಲ್ಯೂಮಿನಿಯಂ ಪೆಟ್ಟಿಗೆಗಳನ್ನ ಮಾಡ್ತೀವಿ. ಪೆಟ್ಟಿಗೆಯ ಮೂಲೆಯ ಬ್ರಾಕೆಟ್ಟುಗಳು 5 ಮಿಲಿಮೀಟರ್ ದಪ್ಪ. ವೆಲ್ಡಿಂಗ್ ಗೊತ್ತಿದ್ದವರ ಅಂದಾಜು ಲೆಕ್ಕ ಒಂದಿದೆ: ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪ್ಸ್. ಅಂದ್ರೆ ನಮಗೆ ಬೇಕಿದ್ದದ್ದು 200ರ ಆಸುಪಾಸು. ನಾನು ಮನೆಯಲ್ಲಿ ಟೀ ಕುಡೀತಾ ಕೂತು ಮಾಡಿದ ಲೆಕ್ಕಕ್ಕೂ ಟಾರ್ಚಿನ ಮೇಲಿನ ಸಂಖ್ಯೆಗೂ ಸರಿಹೋಗಿತ್ತು.

ಎರಡು ವಾರಕ್ಕೆ ದೂರು ಶುರು. ಪೆಟ್ಟಿಗೆಗಳು ಬರ್ತಿರೋದು ನಿಧಾನ. ವೆಲ್ಡಿಂಗ್ ಮೇಸ್ತ್ರಿ ಒಂದು ಸೀಮ್ ಹಾಕ್ತಾರೆ, ಟಾರ್ಚ್ ಕೆಳಗಿಡ್ತಾರೆ, ಹೋಗಿ ನೀರು ಕುಡಿದು ಬರ್ತಾರೆ. ಇನ್ನೊಂದು ಸೀಮ್, ಮತ್ತೆ ಟಾರ್ಚ್ ಕೆಳಗೆ. ನಾನು ಏನು ಮಾಡಿದೆ ಗೊತ್ತಾ? ಫೋನಿನಲ್ಲಿ ಸ್ಟಾಪ್‌ವಾಚ್ ಹಾಕ್ಕೊಂಡು ಅವರ ಹಿಂದೆ ನಿಂತೆ. ಈಗ ನೆನೆಸಿಕೊಂಡ್ರೆ ನಾಚಿಕೆಯಾಗುತ್ತೆ. ಅವರಿಗೆ ನನ್ನ ಅಪ್ಪನ ವಯಸ್ಸು. ಅವರು ಹೆಲ್ಮೆಟ್ ಎತ್ತಿ ನನ್ನನ್ನ ನೋಡಿದ್ರು, ಸಿಟ್ಟು ಮಾಡ್ಕೊಳ್ಳಲಿಲ್ಲ. "ಹಿಡ್ಕಂಡು ನೋಡಿ ಮೇಡಂ" ಅಂತ ಟಾರ್ಚನ್ನ ನನ್ನ ಕಡೆ ಚಾಚಿದ್ರು. ನಾನು ಬರಿಗೈ ಚಾಚಿದೆ. "ಗ್ಲೌಸ್ ಹಾಕ್ಕಳಿ" ಅಂದ್ರು.

ಗ್ಲೌಸ್ ಹಾಕ್ಕೊಂಡೂ ನನಗೆ ಹತ್ತು ಸೆಕೆಂಡ್ ಹಿಡಿಯೋಕಾಗಲಿಲ್ಲ. ಅವರು ಒಂದರ ಮೇಲೊಂದು ಎರಡು ಗ್ಲೌಸ್ ಹಾಕ್ಕೊಂಡಿದ್ರು. ಟಿಗ್ ಅಂದ್ರೆ ಪೆನ್ಸಿಲ್ ಹಿಡಿದ ಹಾಗೆ ಬೆರಳ ತುದಿಯಲ್ಲಿ ಮಾಡೋ ಕೆಲಸ, ಎಡಗೈಲಿ ಫಿಲ್ಲರ್ ರಾಡು ಹನಿ ಹನಿಯಾಗಿ ಕೊಡಬೇಕು. ಎರಡು ಗ್ಲೌಸ್ ಹಾಕ್ಕೊಂಡು ರಂಗೋಲಿ ಬಿಡಿ ಅಂದ ಹಾಗಾಯ್ತು.

ಆ 200 ಅನ್ನೋ ಸಂಖ್ಯೆಯಲ್ಲಿ ಸುಳ್ಳಿಲ್ಲ. ನಾವು ಓದೋ ರೀತಿಯಲ್ಲೇ ಎಡವಟ್ಟು. ಟಾರ್ಚಿನ ಜೊತೆ ಬರೋ ಹಾಳೆಯಲ್ಲಿ ದಪ್ಪಕ್ಷರದ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿತ್ತು: ಎಸಿಯಲ್ಲಿ 150. ಅಲ್ಯೂಮಿನಿಯಂ ಮೇಲೆ ಗಟ್ಟಿ ಆಕ್ಸೈಡ್ ಪದರ ಇರುತ್ತಲ್ಲ, ಅದನ್ನ ಒಡೆಯೋಕೆ ಎಸಿ ಬೇಕು. ಸ್ಟೀಲಿಗೆ ಡಿಸಿ ಹಾಕಿದಾಗ ಆರ್ಕಿನ ಶಾಖದಲ್ಲಿ ಸುಮಾರು ಮುಕ್ಕಾಲು ಪಾಲು ಕೆಲಸದ ತುಂಡಿಗೆ ಹೋಗುತ್ತೆ, ಮಿಕ್ಕಿದ್ದು ಮಾತ್ರ ಟಂಗ್‌ಸ್ಟನ್ ಕಡೆ. ಎಸಿಯಲ್ಲಿ ಕರೆಂಟು ಹಿಂದಕ್ಕೂ ಮುಂದಕ್ಕೂ ಓಡೋದ್ರಿಂದ ಹೆಚ್ಚು ಕಮ್ಮಿ ಅರ್ಧರ್ಧ. ಆ ಅರ್ಧ ಹತ್ತಿಕೊಂಡು ಬರೋದು ಎಲ್ಲಿಗೆ? ಹಿಡಿದವರ ಬೆರಳಿಗೆ. ಇದರ ಮೇಲೆ ಡ್ಯೂಟಿ ಸೈಕಲ್ ಅನ್ನೋದೊಂದಿದೆ. ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಆರ್ಕ್ ಹೊತ್ತಿಸಿಡಬಹುದು ಅನ್ನೋ ಲೆಕ್ಕ. 35% ಅಂದ್ರೆ ಮೂರೂವರೆ ನಿಮಿಷ ಕೆಲಸ, ಆರೂವರೆ ನಿಮಿಷ ಬಿಡುವು. ಅಂದ್ರೆ ನಮ್ಮ ಮೇಸ್ತ್ರಿ ನೀರು ಕುಡಿಯೋಕೆ ಹೋಗ್ತಿದ್ದದ್ದು ಸೋಮಾರಿತನದಿಂದಲ್ಲ. ಟಾರ್ಚ್ ಮಾಡಿದವರು ಹಾಕಿದ ಷರತ್ತನ್ನ ಇಡೀ ಶೆಡ್ಡಿನಲ್ಲಿ ಪಾಲಿಸ್ತಿದ್ದವರು ಅವರೊಬ್ಬರೇ.

'ಏರ್ ಕೂಲ್ಡ್' ಅನ್ನೋ ಹೆಸರೇ ಒಂದು ತಮಾಷೆ. ಅದರಲ್ಲಿ ಫ್ಯಾನೂ ಇಲ್ಲ, ಗಾಳಿ ಊದೋ ವ್ಯವಸ್ಥೆಯೂ ಇಲ್ಲ. ಒಳಗೆ ಹರಿಯೋ ಆರ್ಗಾನ್ ಒಂದಿಷ್ಟು, ಸುತ್ತಲಿನ ಗಾಳಿ ಒಂದಿಷ್ಟು, ಅಷ್ಟೇ. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಶೆಡ್ಡಿನ ಕೆಳಗೆ 'ಸುತ್ತಲಿನ ಗಾಳಿ' ಹೇಗಿರುತ್ತೆ ಅಂತ ನಾನು ವಿವರಿಸಬೇಕಿಲ್ಲ. ಕೆಲವರು ಟಾರ್ಚ್ ತಣ್ಣಗಾಗ್ಲಿ ಅಂತ ಆರ್ಗಾನ್ ಜಾಸ್ತಿ ತಿರುಗಿಸ್ತಾರೆ. ಸಿಲಿಂಡರ್ ಬೇಗ ಖಾಲಿಯಾಗುತ್ತೆ. ಗ್ಯಾಸು ಸುಳಿ ಸುಳಿಯಾಗಿ ಹೊರಗಿನ ಗಾಳಿಯನ್ನೂ ಎಳೆದುಕೊಂಡು ವೆಲ್ಡೂ ಕೆಡುತ್ತೆ.

ಇನ್ನೊಂದು ಕಾಣದ ಕಥೆ ಇದೆ. ಟಾರ್ಚಿನ ತಲೆ ದಿನಾ ಕಾದು ಕಾದು ಹಿಂದಿನ ಕ್ಯಾಪಿನಲ್ಲಿರೋ ಸಣ್ಣ ಓ-ರಿಂಗ್ ಗಟ್ಟಿಯಾಗಿ ಬಿರುಕು ಬಿಡುತ್ತೆ. ಅಲ್ಲಿಂದ ಗಾಳಿ ನುಗ್ಗುತ್ತೆ. ಟಂಗ್‌ಸ್ಟನ್ ಕಪ್ಪಾಗುತ್ತೆ, ವೆಲ್ಡಿನಲ್ಲಿ ಗುಳ್ಳೆ ಬೀಳುತ್ತೆ. ಇನ್‌ಸ್ಪೆಕ್ಷನ್ನಿನವರು ಬಂದು ರಿಜೆಕ್ಟ್ ಅಂತ ಚಾಕ್‌ಪೀಸಿನಲ್ಲಿ ಗೀಚಿ ಹೋಗ್ತಾರೆ. ರಿಪೋರ್ಟಿನಲ್ಲಿ ಕಾರಣದ ಕಾಲಂ ಕೆಳಗೆ ಏನು ಬರೀತಾರೆ? 'ವೆಲ್ಡರ್ ಸ್ಕಿಲ್'. ನಾನು ಕಣ್ಣಾರೆ ನೋಡಿದ್ದು. 'ಪರ್ಚೇಸ್ ಸ್ಕಿಲ್' ಅನ್ನೋ ಕಾಲಂ ನಮ್ಮ ಯಾವ ರಿಪೋರ್ಟಿನಲ್ಲೂ ಇಲ್ಲ.

ಇದೇ ಕಂಪನಿ ಆಫೀಸಿನಲ್ಲಿ ಕೂರೋ ನಮಗೆ ಬೆನ್ನು ನೋಯಬಾರದು ಅಂತ ಎರ್ಗಾನಾಮಿಕ್ ಕುರ್ಚಿ ತಂದಿದೆ. ಸರ್ವರ್ ರೂಮಿಗೆ ಹಗಲೂ ರಾತ್ರಿ ಏಸಿ. ಆ ಏಸಿ ಮುಂದೆ ಯಾರೂ 'ಆಪ್ಷನಲ್' ಅಂತ ಬರೆಯಲ್ಲ. ಕಂಪ್ಯೂಟರ್ ಬಿಸಿಯಾದ್ರೆ ನಿಂತುಹೋಗುತ್ತೆ ಅಂತ ನಮಗೆ ಗೊತ್ತು. ಮನುಷ್ಯ ಬಿಸಿಯಾದ್ರೂ ನಿಲ್ಲಲ್ಲ, ಇನ್ನೊಂದು ಗ್ಲೌಸ್ ಹಾಕ್ಕೊಂಡು ಮುಂದುವರೀತಾನೆ ಅನ್ನೋದೂ ಗೊತ್ತು. ನಮ್ಮ ಎಕ್ಸೆಲ್ ಶೀಟು ನಿಂತಿರೋದು ಆ ಎರಡನೇ ಗ್ಲೌಸಿನ ಮೇಲೆ.

ಹಾಗಂತ ಎಲ್ಲರಿಗೂ ಕೂಲರ್ ಕಟ್ಟೋ ಡೀಲರ್‌ಗಳ ಪರ ನಾನು ವಕಾಲತ್ತು ಹಾಕ್ತಿಲ್ಲ. ಮನೆ ಗೇಟು, ಮೆಟ್ಟಿಲಿನ ಸ್ಟೇನ್‌ಲೆಸ್ ರೇಲಿಂಗು, ಒಂದೂವರೆ ಎರಡು ಮಿಲಿಮೀಟರ್ ಪೈಪು, ಸೈಟಿಂದ ಸೈಟಿಗೆ ಸ್ಕೂಟರ್ ಮೇಲೆ ಮಷೀನು ಹೊತ್ತು ತಿರುಗೋ ಕೆಲಸ, ಇವಕ್ಕೆ ಏರ್ ಕೂಲ್ಡ್ ಟಾರ್ಚೇ ಸರಿ. 100-120 ಆಂಪ್ಸ್ ಒಳಗೆ, ಬಿಟ್ಟು ಬಿಟ್ಟು ಮಾಡೋ ಕೆಲಸಕ್ಕೆ ಕೂಲರ್ ಅಂದ್ರೆ ಸುಮ್ಮನೆ ಭಾರ, ಸುಮ್ಮನೆ ಖರ್ಚು, ಕೆಟ್ಟುಹೋಗೋಕೆ ಇನ್ನೊಂದು ಪೆಟ್ಟಿಗೆ. ದಿನವಿಡೀ 150 ಆಂಪ್ಸ್ ಮೇಲೆ, ಅದರಲ್ಲೂ ಅಲ್ಯೂಮಿನಿಯಂ ಅಂದ್ರೆ ಮಾತ್ರ ಆಪ್ಷನಲ್ ಅನ್ನೋ ಪದಕ್ಕೆ ಅರ್ಥವಿಲ್ಲ.

ನನ್ನ ಎರಡನೇ ತಪ್ಪು ಇನ್ನೂ ಚೆನ್ನಾಗಿದೆ ಕೇಳಿ. ಕೊನೆಗೂ ಟಾರ್ಚ್ ತರಿಸೋಕೆ ಒಪ್ಪಿದೆ, ಕೂಲರ್ ಮಾತ್ರ ಬೇಡ ಅಂದೆ. "ನೀರು ತಾನೇ? ಬಕೆಟ್ಟಿನಲ್ಲಿ ಏರ್‌ಕೂಲರ್ ಪಂಪ್ ಹಾಕಿ ತಿರುಗಿಸಿದ್ರಾಯ್ತು" ಅಂತ ಯಾರೋ ಹೇಳಿದ್ರು, ನನಗೂ ಜಾಣತನ ಅನ್ನಿಸ್ತು. ಆ ಪಂಪು ನೀರನ್ನ ಆಳೆತ್ತರಕ್ಕೆ ಏರಿಸಿದ್ರೆ ಹೆಚ್ಚು. ಅಂದ್ರೆ ಒತ್ತಡ 0.2 ಬಾರ್ ಇರಬಹುದು. ಟಾರ್ಚಿನ ಹೋಸು ಸಣ್ಣ ಸ್ಟ್ರಾ ಥರ ಇರುತ್ತೆ, ನಾಲ್ಕು ಮೀಟರ್ ಹೋಗಿ ನಾಲ್ಕು ಮೀಟರ್ ವಾಪಸ್ ಬರಬೇಕು. ಅದರಲ್ಲಿ ನಿಮಿಷಕ್ಕೆ ಒಂದು ಲೀಟರ್ ದಾಟಿಸೋಕೆ ಎರಡು ಮೂರು ಬಾರ್ ಬೇಕಾಗುತ್ತೆ. ನಮ್ಮ ಪಂಪಿನಿಂದ ಬರ್ತಿದ್ದದ್ದು ತೊಟ್ಟು ತೊಟ್ಟು.

ಇಲ್ಲೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ವಾಟರ್ ಕೂಲ್ಡ್ ಟಾರ್ಚ್ ಅಷ್ಟು ಹಗುರ ಯಾಕೆ ಅಂದ್ರೆ, ಅದರ ತಾಮ್ರದ ಪವರ್ ಕೇಬಲ್ ತೀರಾ ಸಣ್ಣದು, ಅದು ಇರೋದು ವಾಪಸ್ ಬರೋ ನೀರಿನ ಹೋಸಿನ ಒಳಗೇ. ನೀರು ತಂಪು ಮಾಡ್ತಿರೋವರೆಗೆ ಅಷ್ಟು ಸಣ್ಣ ಕೇಬಲ್ಲಿನಲ್ಲಿ 200 ಆಂಪ್ಸ್ ಆರಾಮಾಗಿ ಹೋಗುತ್ತೆ. ನೀರು ನಿಂತ್ರೆ ಕೇಬಲ್ಲು ಸುಟ್ಟುಹೋಗೋಕೆ ಹೆಚ್ಚು ಹೊತ್ತು ಬೇಡ. ಹೊಸ ಟಾರ್ಚಿನ ಹೋಸು ನಾಲ್ಕನೇ ದಿನ ಉಬ್ಬಿ ಒಡೀತು. ಬಿಸಿನೀರು ಮೇಸ್ತ್ರಿಯ ಪ್ಯಾಂಟಿನ ಮೇಲೆ ಬಿತ್ತು. ಅವರು ಎಗರಿ ಹಿಂದೆ ಸರಿದದ್ದಕ್ಕೆ ಕಾಲು ಉಳೀತು. ಪಂಪಿಗೆ ಮಿಗಿಸಿದ ದುಡ್ಡಲ್ಲಿ ಟಾರ್ಚ್ ಹೋಯ್ತು ಅಂತ ಅಕೌಂಟ್ಸಿನವರು ನಕ್ಕರು. ನನಗೆ ನಗು ಬರಲಿಲ್ಲ.

ಇನ್ನೂ ಕೆಲವರು ಬಕೆಟ್ಟಿಗೆ ಐಸ್ ಹಾಕ್ತಾರೆ. ಮಳೆಗಾಲದ ಗಾಳಿಯಲ್ಲಿ ತಣ್ಣನೆ ಲೋಟದ ಮೇಲೆ ಹೇಗೆ ಹನಿ ಕೂರುತ್ತೋ ಹಾಗೆ ಟಾರ್ಚಿನ ತಲೆಯಲ್ಲೂ ತೇವ ಕೂರುತ್ತೆ, ಆ ತೇವದ ಹೈಡ್ರೋಜನ್ ಅಲ್ಯೂಮಿನಿಯಂನಲ್ಲಿ ಮತ್ತೆ ಗುಳ್ಳೆ. ಮತ್ತೆ 'ವೆಲ್ಡರ್ ಸ್ಕಿಲ್'. ಇನ್ನು ನಲ್ಲಿಗೆ ನೇರವಾಗಿ ಹೋಸು ಸಿಕ್ಕಿಸಿ ಚರಂಡಿಗೆ ಬಿಡೋ ಮಹಾನುಭಾವರೂ ಇದ್ದಾರೆ. ನಿಮಿಷಕ್ಕೆ ಲೀಟರ್ ಅಂದ್ರೆ ನಾಲ್ಕು ಗಂಟೆಗೆ 240 ಲೀಟರ್. 2024ರ ಮಾರ್ಚಿನಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ಊರು ಇದು.

ಹಾಗಾದ್ರೆ ಏನು ತಗೋಬೇಕು? ಟಾರ್ಚಿನ ವಿಷಯ ಬೇಗ ಮುಗಿಯುತ್ತೆ. ಬಳಕೆಯಲ್ಲಿರೋದು ಮುಖ್ಯವಾಗಿ ಎರಡು ಸೀರೀಸ್: 20 ಮತ್ತು 18. ಇಪ್ಪತ್ತು ಪುಟ್ಟದು, 250 ಆಂಪ್ಸ್ ವರೆಗೆ. ಹದಿನೆಂಟು ದೊಡ್ಡದು, 350ರ ತನಕ. ಸಂಖ್ಯೆ ಜಾಸ್ತಿ ಇದೆ ಅಂತ ಹದಿನೆಂಟಕ್ಕೆ ಹಾರಬೇಡಿ. ದಿನಾ 200ರಲ್ಲಿ ಕೆಲಸ ಮಾಡೋರ ಕೈಗೆ ಇಪ್ಪತ್ತೇ ಹಗುರ, ಇಕ್ಕಟ್ಟಾದ ಮೂಲೆಗೂ ಹೋಗುತ್ತೆ. ಹದಿನೆಂಟರ ಪರ ಒಂದು ಮಾತಿದೆ: ಸಾಮಾನ್ಯ ಏರ್ ಕೂಲ್ಡ್ 17 ಮತ್ತು 26ಕ್ಕೆ ಹಾಕೋ ಕಾಲೆಟ್ಟು, ಕಪ್ಪುಗಳೇ ಇದಕ್ಕೂ ಆಗುತ್ತೆ. ಇಪ್ಪತ್ತರದ್ದು 9ರ ಜೊತೆ ಹೊಂದುತ್ತೆ. ಹೋಸು ಮೆತ್ತಗೆ ಬಳುಕೋದು ತಗೊಳ್ಳಿ. ಬಿರುಸು ಹೋಸು ಇಡೀ ದಿನ ಮಣಿಕಟ್ಟನ್ನ ತಿರುಚ್ತಾ ಇರುತ್ತೆ. ಇದು ನಾನು ಕೆಟಲಾಗಿನಲ್ಲಿ ಓದಿದ್ದಲ್ಲ, ಮೇಸ್ತ್ರಿ ಹೇಳಿದ್ದು.

ಮೋಸ ಹೋಗೋ ಜಾಗ ಕೂಲರ್. ಡೀಲರ್ ಮೊದಲು ಹೇಳೋದು ಟ್ಯಾಂಕ್ ಎಷ್ಟು ಲೀಟರ್ ಅಂತ. ದೊಡ್ಡ ಟ್ಯಾಂಕ್ ಬಿಸಿಯಾಗೋದನ್ನ ಮುಂದಕ್ಕೆ ಹಾಕುತ್ತೆ ಅಷ್ಟೇ, ಶಾಖವನ್ನ ಹೊರಗೆ ತಳ್ಳೋದು ರೇಡಿಯೇಟರ್ರು. ಕೇಳಬೇಕಾದ್ದು: ನಿಮಿಷಕ್ಕೆ ಒಂದು ಲೀಟರ್ ಹರಿವಿನಲ್ಲಿ ಎಷ್ಟು ಕಿಲೋವ್ಯಾಟ್ ಶಾಖ ತೆಗೆಯುತ್ತೆ? ಅಂತರರಾಷ್ಟ್ರೀಯ ಮಾನದಂಡ ಐಇಸಿ 60974-2ರಲ್ಲಿ ಅಳೆಯೋ ರೀತಿ ಅದೇ, ಅದೂ ಸುತ್ತಲಿನ ಉಷ್ಣತೆ 25 ಡಿಗ್ರಿ ಇಟ್ಟುಕೊಂಡು. ನಮ್ಮ ಶೆಡ್ಡಿನಲ್ಲಿ 38 ಇದ್ದಾಗ ಅಷ್ಟು ಸಿಗಲ್ಲ, ಹಾಗಾಗಿ ಲೆಕ್ಕಕ್ಕಿಂತ ಸ್ವಲ್ಪ ಮೇಲಿನದ್ದೇ ನೋಡಿ. ನಿಮಿಷಕ್ಕೆ ಒಂದು ಲೀಟರಿನಲ್ಲಿ ಒಂದು ಕಿಲೋವ್ಯಾಟ್ ಹೊತ್ತು ತಂದ್ರೆ ನೀರು 14 ಡಿಗ್ರಿಯಷ್ಟು ಬಿಸಿಯಾಗಿ ವಾಪಸ್ ಬರುತ್ತೆ. ಹತ್ತನೇ ಕ್ಲಾಸಿನ ಲೆಕ್ಕ, ನೀವೇ ಹಾಕಿ ನೋಡಿ.

ಎರಡನೇ ಪ್ರಶ್ನೆ: ಫ್ಲೋ ಸ್ವಿಚ್ ಇದೆಯಾ? ನೀರು ನಿಂತ ತಕ್ಷಣ ಮಷೀನನ್ನ ಆಫ್ ಮಾಡೋದು ಅದು. ಬರೀ ಲೈಟ್ ಹತ್ತೋದಲ್ಲ, ಮಷೀನಿಗೆ ವೈರ್ ಎಳೆದು ಆರ್ಕ್ ನಿಲ್ಲಿಸಬೇಕು. ಹೆಲ್ಮೆಟ್ ಹಾಕ್ಕೊಂಡೋರಿಗೆ ಲೈಟ್ ಎಲ್ಲಿ ಕಾಣುತ್ತೆ?

ಆಮೇಲೆ ಒಳಗೆ ಹಾಕೋ ನೀರು. ಬೋರ್‌ವೆಲ್ ನೀರು ಬೇಡವೇ ಬೇಡ. ನಿಮ್ಮ ಮನೆಯ ಗೀಸರಿನ ಕಾಯಿಲಿನ ಮೇಲೆ ಕಟ್ಟೋ ಬಿಳೀ ಪೊರೆಯೇ ಟಾರ್ಚಿನ ಸಣ್ಣ ದಾರಿಯಲ್ಲೂ ಕಟ್ಟುತ್ತೆ. ಕಾರಿನ ಕೂಲಂಟೂ ಬೇಡ. ಅದರಲ್ಲಿ ಲೋಹಕ್ಕೆ ತುಕ್ಕು ಹಿಡಿಯದಿರಲಿ ಅಂತ ಹಾಕಿರೋ ವಸ್ತುಗಳಿಂದ ಅದು ವಿದ್ಯುತ್ತನ್ನ ಹರಿಸುತ್ತೆ. ಟಿಗ್‌ನಲ್ಲಿ ಆರ್ಕ್ ಹೊತ್ತಿಸೋ ಹೈ ಫ್ರೀಕ್ವೆನ್ಸಿ ಕಿಡಿ ಆ ನೀರಿನ ದಾರಿಯಲ್ಲೇ ಸೋರಿಹೋಗಿ ಆರ್ಕ್ ಸರಿಯಾಗಿ ಹೊತ್ತಲ್ಲ. ಟಾರ್ಚಿಗೆ ಅಂತಲೇ ಸಿಗೋ ಲೋ ಕಂಡಕ್ಟಿವಿಟಿ ಕೂಲಂಟ್ ಹಾಕಿ. ಅದು ಸಿಗೋವರೆಗೆ, ಹಿಮ ಬೀಳದ ನಮ್ಮೂರಲ್ಲಿ ಡಿಸ್ಟಿಲ್ಡ್ ವಾಟರ್ ಸಾಕು, ಆದ್ರೆ ಪಾಚಿ ಕಟ್ಟದ ಹಾಗೆ ಆಗಾಗ ಬದಲಾಯಿಸ್ತಿರಬೇಕು.

ಇಷ್ಟೆಲ್ಲ ಕಲಿತಮೇಲೆ ನಾನೊಂದು ನೋಟ್ ಬರೆದೆ. ಮೊದಲ ಕರಡಿನಲ್ಲಿ 'ಉತ್ಪಾದಕತೆ ಹೆಚ್ಚಳ' ಅಂತ ಶೀರ್ಷಿಕೆ ಕೊಟ್ಟಿದ್ದೆ. ಬಾಸ್‌ಗಳಿಗೆ ಅದೇ ಭಾಷೆ ಅರ್ಥವಾಗೋದು ಅಂತ ಎಲ್ಲರೂ ಹೇಳಿಕೊಟ್ಟಿರ್ತಾರಲ್ಲ. ಆಮೇಲೆ ಅಳಿಸಿದೆ. ಉತ್ಪಾದನೆ ಹೆಚ್ಚದೇ ಹೋದ್ರೆ ಕೈ ಸುಡೋದು ಸರಿ ಅಂತಾಗುತ್ತಲ್ಲ? 'ಈಗಿನ ಟಾರ್ಚ್ ಹಿಡಿಯಲು ಆಗುವುದಿಲ್ಲ' ಅಂತ ಒಂದೇ ಸಾಲು ಬರೆದು, ಜೊತೆಗೆ ಆ ಟಾರ್ಚನ್ನೇ ಮೀಟಿಂಗಿಗೆ ಒಯ್ದೆ. ಶೆಡ್ಡಿನಿಂದ ನೇರವಾಗಿ, ಬಿಸಿ ಇದ್ದ ಹಾಗೇ. ಗ್ಲೌಸೂ ಒಂದು ಜೊತೆ ಇಟ್ಟೆ. ಯಾರೂ ಮುಟ್ಟಲಿಲ್ಲ, ಸಹಿ ಮಾತ್ರ ಬಿತ್ತು.

ಈಗ ಇಪ್ಪತ್ತರ ಟಾರ್ಚ್, ಕೂಲರ್, ಫ್ಲೋ ಸ್ವಿಚ್ ಎಲ್ಲಾ ಬಂದಿದೆ. ಮೇಸ್ತ್ರಿ ಒಂದೇ ತೆಳು ಗ್ಲೌಸಿನಲ್ಲಿ ಕೆಲಸ ಮಾಡ್ತಾರೆ. ಮೊನ್ನೆ ಫೋನ್ ಮಾಡಿದ್ರು: "ಟ್ಯಾಂಕಲ್ಲಿ ನೀರು ಕಮ್ಮಿ ಆಗೈತೆ ಮೇಡಂ, ಡಿಸ್ಟಿಲ್ಡ್ ವಾಟರ್ ಒಂದತ್ ಲೀಟರ್ ತರಿಸಿ." ಇಂಡೆಂಟ್ ಹಾಕಿದೆ. ಅರ್ಧ ಗಂಟೆಗೆ ಅಕೌಂಟ್ಸಿನಿಂದ ಮೇಲ್ ಬಂತು, ನೀರಿಗೂ ದುಡ್ಡಾ, ನಲ್ಲಿ ನೀರು ಯಾಕಾಗಲ್ಲ, ಇದು ಆಪ್ಷನಲ್ಲಾ ಅಂತ. ಉತ್ತರ ಮೇಲಿನಲ್ಲಿ ಬರೆಯೋದಿಲ್ಲ. ಅವರನ್ನ ನಾಳೆ ಶೆಡ್ಡಿಗೆ ಬರೋಕೆ ಹೇಳಿದ್ದೀನಿ, ಆ ಹಳೇ ಟಾರ್ಚ್ ಇನ್ನೂ ಗೋಡೆಗೆ ನೇತುಹಾಕಿದೆ.