ಬಣ್ಣ ನಮ್ಮದು, ಗೆರೆ ಯಾರದು?



ಈಗೀಗ ನಮ್ಮ ಸಣ್ಣ ತರಗತಿಯ ತಮ್ಮ ತಂಗಿಯರ ಪಾಟೀಚೀಲ ಬಿಚ್ಚಿ ನೋಡಿರಿ. ಪುಸ್ತಕದ ನಡುವೆ ಮಡಚಿಟ್ಟ ಒಂದೆರಡು ಹಾಳಿ ಇದ್ದೇ ಇರುತ್ತವೆ. ಒಂದರ ಮೇಲೆ ಮೀಸೆ ಬಿಟ್ಟ ಮಾರಿಯೋ, ಇನ್ನೊಂದರ ಮೇಲೆ ಮಿಂಚಿನಂಥ ಬಾಲದ ಪಿಕಾಚು, ಮತ್ತೊಂದರ ಮೇಲೆ ಓಡುತ್ತಿರುವ ಸೋನಿಕ್. ಸುತ್ತ ಕರಿ ಗೆರೆ, ಒಳಗೆಲ್ಲ ಬಿಳಿ. ಇವು ವಿಡಿಯೋ ಗೇಮಿನ ಪಾತ್ರಗಳು, ಬಣ್ಣ ತುಂಬಲಿಕ್ಕೆಂದೇ ಮಾಡಿದ ಹಾಳಿಗಳು. ಯಾರದೋ ಅಣ್ಣ ಮೊಬೈಲಿನಲ್ಲಿ ಹುಡುಕಿ, ಬೈಲಹೊಂಗಲಕ್ಕೋ ಸವದತ್ತಿಗೋ ಹೋದಾಗ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದಿರುತ್ತಾನೆ. ಆ ಒಂದು ಹಾಳಿ ಝೆರಾಕ್ಸ್ ಆಗಿ ಓಣಿತುಂಬ ಹರಡುತ್ತದೆ.

ಇವುಗಳ ಬಗ್ಗೆ ಊರಲ್ಲಿ ಎರಡು ಮಾತು ಕೇಳುತ್ತೇವೆ. "ಮೊಬೈಲ್ ಚಟ ಈಗ ಹಾಳಿಗೂ ಬಂತು, ಹರದ ಒಗೀರಿ" ಎನ್ನುವವರು ಕೆಲವರು. "ಇರ್ಲಿ ಬಿಡ್ರಿ, ಒಂದ ತಾಸರ ಗದ್ಲಾ ಇಲ್ದ ಕುಂದರ್ತಾವ" ಎನ್ನುವವರು ಕೆಲವರು. ಈ ಎರಡೂ ಮಾತು ನನಗೆ ಸರಿ ಅನಿಸುವುದಿಲ್ಲ. ಹರಿದು ಒಗೆದರೆ ಮಗುವಿನ ಖುಷಿ ಹೋಗುತ್ತದೆ. ಗದ್ದಲ ನಿಲ್ಲಿಸಲಿಕ್ಕೆಂದು ಕೊಟ್ಟರೆ ಚಿತ್ರಕಲೆಗೆ ಇರುವ ಬೆಲೆ ಹೋಗುತ್ತದೆ. ನನ್ನ ಅಭಿಪ್ರಾಯ ಇಷ್ಟು: ವಯಸ್ಸು ನೋಡಿ, ಆರಿಸಿ ಕೊಟ್ಟರೆ ಸಣ್ಣವರಿಗೆ ಈ ಹಾಳಿ ಒಳ್ಳೆಯದೇ. ಆದರೆ ಐದನೆಯ ತರಗತಿಗೆ ಬಂದ ಮೇಲೂ ಮತ್ತೊಬ್ಬರು ಎಳೆದ ಗೆರೆಯೊಳಗೇ ಕುಳಿತರೆ ನಮ್ಮ ಕೈ ಬೆಳೆಯುವುದಿಲ್ಲ. ಆಗ ಗೆರೆ ನಾವೇ ಎಳೆಯಬೇಕು.

ಮೊದಲು ಸಣ್ಣವರ ಮಾತು. ಅಂಗನವಾಡಿಯ ಮಕ್ಕಳಿಗೆ ಒಂದು ಹಾಳಿಗೆ ಒಂದೇ ದೊಡ್ಡ ಚಿತ್ರ ಇರಬೇಕು, ಗೆರೆ ದಪ್ಪ ಇರಬೇಕು, ಬಣ್ಣ ತುಂಬುವ ಜಾಗ ಮೂರು ನಾಲ್ಕಕ್ಕಿಂತ ಹೆಚ್ಚು ಇರಬಾರದು. ಇದಕ್ಕೆ ಪ್ಯಾಕ್‌ಮ್ಯಾನ್ ತಕ್ಕ ಚಿತ್ರ. 1980ರಲ್ಲಿ ಜಪಾನಿನಲ್ಲಿ ಬಂದ ಆಟ ಅದು. ಅದರ ನಾಯಕ ಅಂದ್ರ ಒಂದು ಹಳದಿ ವೃತ್ತ, ಅದಕ್ಕೊಂದು ಬಾಯಿ. ರೊಟ್ಟಿಯಲ್ಲಿ ಒಂದು ತುತ್ತು ಮುರಕೊಂಡಂಗ ಕಾಣುತ್ತದೆ. ನಲಿ-ಕಲಿಯ ಒಂದು, ಎರಡು, ಮೂರನೆಯ ತರಗತಿಯವರಿಗೆ ಪಿಕಾಚು ಆದೀತು. ಮೈಗೆ ಹಳದಿ, ಗಲ್ಲಕ್ಕೆ ಕೆಂಪು, ಕಿವಿಯ ತುದಿಗೆ ಕಪ್ಪು. ಯಾವ ಬಣ್ಣ ಎಲ್ಲಿ ಎಂದು ಮಗು ಯೋಚಿಸಬೇಕಾಗುತ್ತದೆ, ಪೆನ್ಸಿಲ್ ಹಿಡಿಯುವ ಬೆರಳಿಗೆ ಹಿಡಿತ ಬರುತ್ತದೆ, ಅದು ಮುಂದೆ ಅಕ್ಷರಕ್ಕೂ ಉಪಯೋಗ. ನಾಲ್ಕನೆಯ ತರಗತಿಯವರಿಗೆ ಮುಳ್ಳುಗೂದಲಿನ ಸೋನಿಕ್ ಕೊಡಬಹುದು, ಆದರೆ ಹಿಂದಿನ ಬಯಲು, ಗುಡ್ಡ, ಮೋಡವನ್ನು ಅವರೇ ಬರೆಯಬೇಕೆಂದು ಹೇಳಿ ಕೊಡಬೇಕು.

ಪ್ರಿಂಟ್ ತೆಗೆಸುವಾಗಲೂ ಒಂದೆರಡು ಸಂಗತಿ ನೋಡಿಕೊಳ್ಳಬೇಕು. ಅರ್ಧಕ್ಕರ್ಧ ಕಪ್ಪೇ ತುಂಬಿದ ಚಿತ್ರ ಬೇಡ, ಶಾಯಿಯೂ ದಂಡ, ಮಗುವಿಗೆ ಕೆಲಸವೂ ಉಳಿಯುವುದಿಲ್ಲ. ಝೆರಾಕ್ಸ್ ಹಾಳಿ ತೆಳ್ಳಗಿನದು, ನೀರಿನ ಬಣ್ಣ ಹಚ್ಚಿದರೆ ಮುದುಡುತ್ತದೆ. ಅದಕ್ಕೆ ಮೇಣದ ಬಣ್ಣ, ಬಣ್ಣದ ಪೆನ್ಸಿಲ್ ಸಾಕು. ನೀರಿನ ಬಣ್ಣವೇ ಬೇಕೆಂದರೆ ದಪ್ಪ ಡ್ರಾಯಿಂಗ್ ಹಾಳಿಯ ಮೇಲೆ ಕೈಯಿಂದ ಬರೆದುಕೊಳ್ಳುವುದು ಮೇಲು.

ಇನ್ನು ಬಂದೂಕಿನ ಚಿತ್ರಗಳ ಮಾತು. ಪಬ್‌ಜಿ, ಫ್ರೀ ಫೈರ್ ಪಾತ್ರಗಳ ಹಾಳಿಯೂ ನಮ್ಮ ಸಣ್ಣವರ ಕೈಗೆ ಬಂದಿವೆ. ಪಬ್‌ಜಿ ಮೊಬೈಲ್ ಆಟವನ್ನು ಭಾರತ ಸರಕಾರ 2020ರ ಸೆಪ್ಟೆಂಬರ್‌ನಲ್ಲಿ, ಫ್ರೀ ಫೈರ್ ಆಟವನ್ನು 2022ರ ಫೆಬ್ರುವರಿಯಲ್ಲಿ ನಿಷೇಧಿಸಿತು. ಅದಕ್ಕೆ ಕಾರಣ ಬಂದೂಕಲ್ಲ, ದೇಶದ ಭದ್ರತೆ ಮತ್ತು ಜನರ ಮಾಹಿತಿಯ ರಕ್ಷಣೆ. ಪಬ್‌ಜಿ 2021ರಲ್ಲಿ ಬಿಜಿಎಂಐ ಎಂಬ ಬೇರೆ ಹೆಸರಿನಿಂದ ಮತ್ತೆ ಬಂತು. ಸರಕಾರದ ಮಾತು ಏನೇ ಇರಲಿ, ಆರು ವರ್ಷದ ಮಗುವಿಗೆ ಬಂದೂಕಿನ ನಳಿಗೆಗೆ ಬಣ್ಣ ತುಂಬುವ ಹಾಳಿ ಬೇಡ ಎಂದು ನಾವು ನಮ್ಮ ಶಾಲೆಯ ಮಟ್ಟಿಗೆ ತೀರ್ಮಾನ ಮಾಡಬಹುದು.

ಇದಕ್ಕೆ ಕೆಲವರು ಕೇಳುತ್ತಾರೆ: "ಚನ್ನಮ್ಮನ ಕೈಯಾಗ ಖಡ್ಗ ಇಲ್ಲೇನು? ರಾಯಣ್ಣನ ಚಿತ್ರ ಗೋಡೆಗೆ ಹಚ್ಚತೀರಿ, ಇದ್ಯಾಕ ಬ್ಯಾಡ?" ಒಳ್ಳೆಯ ಪ್ರಶ್ನೆ, ಉತ್ತರ ಕೊಡಲೇಬೇಕು. ಚನ್ನಮ್ಮನ ಖಡ್ಗಕ್ಕೆ ಒಂದು ಕಾರಣ ಇದೆ, ಆ ಕಾರಣ ನಮಗೆ ಗೊತ್ತಿದೆ. ದತ್ತಕವನ್ನು ಒಪ್ಪದೆ ಕಂಪನಿ ಸರಕಾರ ಕಿತ್ತೂರನ್ನು ನುಂಗಲು ಬಂತು. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳು, ಎಲಿಯಟ್ ಮತ್ತು ಸ್ಟೀವನ್ಸನ್, ಮುಂದೆ ಜೀವಂತ ಬಿಡುಗಡೆಯಾದರು. ಯಾರ ಮೇಲೆ ಖಡ್ಗ ಎತ್ತಬೇಕು, ಯಾವಾಗ ಇಳಿಸಬೇಕು ಎನ್ನುವುದು ಆ ಕಥೆಯೊಳಗೇ ಇದೆ. ಆಟದ ಬಂದೂಕಿಗೆ ಎದುರು ಬಂದವರೆಲ್ಲ ವೈರಿಗಳೇ. ವ್ಯತ್ಯಾಸ ಇರುವುದು ಅಲ್ಲಿ. ಹಾಗಂತ ಕಥೆ ಹೇಳದೆ ಬರೀ ಖಡ್ಗದ ಚಿತ್ರ ಕೊಟ್ಟರೆ ಅದೂ ಒಂದು ಬಂದೂಕಿನ ಹಾಳಿಯೇ ಆಗುತ್ತದೆ. ಇದನ್ನು ನಾವು ಮರೆಯಬಾರದು.

ಈಗ ದೊಡ್ಡ ತರಗತಿಯವರಾದ ನಮ್ಮ ಮಾತು. "ನಂಗ ಚಿತ್ರ ಬರೂದಿಲ್ಲ" ಎನ್ನುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ ಎಣಿಸಿರಿ. ಪ್ರತಿಭಾ ಕಾರಂಜಿ ಬಂತೆಂದರೆ ಚಿತ್ರಕಲೆಗೆ ಹೆಸರು ಕೊಡಲು ಒಬ್ಬರ ಮಾರಿ ಒಬ್ಬರು ನೋಡುತ್ತೇವೆ. ಕಾರಣ ಏನು? ಗೆರೆ ಯಾವಾಗಲೂ ಮತ್ತೊಬ್ಬರು ಎಳೆದು ಕೊಟ್ಟಿದ್ದಾರೆ, ನಾವು ತುಂಬಿದ್ದೇವೆ. ಖಾಲಿ ಹಾಳಿ ಕಂಡರೆ ಅಂಜಿಕೆ ಬರುತ್ತದೆ. ಈ ಅಂಜಿಕೆ ಬಿಡಿಸಲು ಬೇರೆಲ್ಲೂ ಹೋಗಬೇಕಿಲ್ಲ, ಆ ವಿಡಿಯೋ ಗೇಮಿನ ಪಾತ್ರಗಳು ಹೆಂಗ ಹುಟ್ಟಿದವು ಎಂದು ತಿಳಿದರೆ ಸಾಕು.

ಮಾರಿಯೋನನ್ನು ನೋಡಿರಿ. ಜಪಾನಿನ ಶಿಗೆರು ಮಿಯಾಮೊಟೊ ಅವನನ್ನು ಮಾಡಿದ್ದು 1981ರ ಡಾಂಕಿ ಕಾಂಗ್ ಎಂಬ ಆಟಕ್ಕೆ. ಆಗಿನ ಯಂತ್ರದಲ್ಲಿ ಒಂದು ಮನುಷ್ಯನನ್ನು ಅಡ್ಡ 16, ಉದ್ದ 16 ಚೌಕಗಳೊಳಗೆ ಕೂಡ್ರಿಸಬೇಕಿತ್ತು. ಒಟ್ಟು 256 ಚೌಕ. ಅಷ್ಟರಲ್ಲಿ ಬಾಯಿ ಬರೆಯಲು ಆಗಲಿಲ್ಲ, ಅದಕ್ಕೆ ದಪ್ಪ ಮೂಗು, ಕೆಳಗೆ ಮೀಸೆ. ಕೂದಲು ಸರಿಯಾಗಿ ಕಾಣಿಸಲು ಕಷ್ಟ, ಅದಕ್ಕೆ ಟೊಪ್ಪಿಗೆ. ಕೈ ಬೀಸುವುದು ಎದ್ದು ಕಾಣಲೆಂದು ಅಂಗಿಯ ಮೇಲೆ ಬೇರೆ ಬಣ್ಣದ ಪಟ್ಟಿಪ್ಯಾಂಟು. ಇಂದು ಜಗತ್ತೆಲ್ಲ ಗುರುತಿಸುವ ಆ ಮೀಸೆ ಮತ್ತು ಟೊಪ್ಪಿಗೆ ಹುಟ್ಟಿದ್ದು ಹೀಗೆ, ಕಡಿಮೆ ಚೌಕಗಳಲ್ಲಿ ಹೊಂದಿಸಿಕೊಳ್ಳಲು ಹೋಗಿ. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ದಾರಿಗಳನ್ನು ಮೊದಲು ಗ್ರಾಫ್ ಹಾಳಿಯ ಮೇಲೆ ಕೈಯಿಂದಲೇ ಬರೆದುಕೊಂಡಿದ್ದರು.

ಬಣ್ಣದ ಮಹಿಮೆಯೂ ಅಲ್ಲೇ ಕಾಣುತ್ತದೆ. ಅದೇ 1985ರ ಆಟದಲ್ಲಿ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ. ಬಿಳಿ ತುಂಬಿದರೆ ಮೋಡ, ಹಸಿರು ತುಂಬಿದರೆ ಪೊದೆ. 1983ರ ಮಾರಿಯೋ ಬ್ರದರ್ಸ್ ಆಟದಲ್ಲಿ ತಮ್ಮನಾಗಿ ಬಂದ ಲುಯಿಜಿ ಅಂದರೆ ಅಣ್ಣನ ಚಿತ್ರವೇ, ಬಣ್ಣ ಮಾತ್ರ ಬೇರೆ, ಹಸಿರು. ಹೀಗಾಗಿ ಬಣ್ಣ ತುಂಬುವುದು ಸಣ್ಣ ಕೆಲಸ ಎಂದು ಯಾರೂ ತಿಳಿಯಬಾರದು. ತುಂಬುವಾಗ ತಲೆ ಓಡಿಸಿದರೆ ಒಂದೇ ಗೆರೆಯಿಂದ ಎರಡು ಜೀವ ಹುಟ್ಟುತ್ತವೆ.

ಈ ಚೌಕದ ವಿದ್ಯೆ ಜಪಾನಿನವರಿಗಷ್ಟೇ ಗೊತ್ತೇನು? ನಮ್ಮ ಆಯಿಯ ಸೀರೆಯ ಸೆರಗು ಬಿಚ್ಚಿ ನೋಡಿರಿ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಅರಿವೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಆ ನಾಲ್ಕರಲ್ಲೇ ಗೋಪುರ, ತೇರು, ಆನೆ, ನವಿಲು, ತುಳಸಿ ಕಟ್ಟೆ ಎಲ್ಲ ಬರುತ್ತವೆ. ಮಾರಿಯೋನನ್ನು ಚೌಕ ಎಣಿಸಿ ಮಾಡಿದರು, ಕಸೂತಿಯ ನವಿಲನ್ನು ಎಳೆ ಎಣಿಸಿ ಮಾಡಿದರು. ಲೆಕ್ಕ ಒಂದೇ. ರಾಮದುರ್ಗದ ಕಡೆ ಮಗ್ಗದ ಮೇಲೆ ಅಂಚಿನ ನಕ್ಷೆ ಮೂಡುವುದೂ ಹಾಸು ಹೊಕ್ಕಿನ ಎಣಿಕೆಯಿಂದಲೇ. ಅಂಗಳದ ಚುಕ್ಕಿ ರಂಗೋಲಿಯಲ್ಲೂ ಮೊದಲು ಎಣಿಕೆ, ಆಮೇಲೆ ಗೆರೆ. ಇವನ್ನೆಲ್ಲ ಮಾಡಿದ ನಮ್ಮ ಅವ್ವ, ಆಯಿ "ನಂಗ ಚಿತ್ರ ಬರೂದಿಲ್ಲ" ಎಂದು ಕೈಕಟ್ಟಿ ಕುಳಿತಿರಲಿಲ್ಲ.

ಪಿಕಾಚುವಿನ ಕಥೆಯೂ ಕೇಳುವಂಥದ್ದು. 1996ರಲ್ಲಿ ಬಂದ ಪೋಕೆಮಾನ್ ಆಟವನ್ನು ಕಲ್ಪಿಸಿದ ಸತೋಶಿ ತಾಜಿರಿ ಸಣ್ಣವನಿದ್ದಾಗ ಹುಳ ಹಿಡಿದು ಕೂಡಿಹಾಕುವ ಹುಡುಗ. ಟೋಕಿಯೋದ ಅಂಚಿನ ಅವನ ಊರಲ್ಲಿ ಕಟ್ಟಡಗಳೆದ್ದು ಹುಳ ಸಿಗುವ ಜಾಗ ಕಡಿಮೆಯಾಯಿತು. ಹುಳ ಹುಡುಕುವ ಆ ಖುಷಿಯನ್ನೇ ಅವನು ಆಟದಲ್ಲಿ ಇಟ್ಟ. ನಮಗಾದರೆ ಹೊಲ ಇನ್ನೂ ಉಳಿದಿದೆ. ಮಿರಗ ಹೊಕ್ಕಿತೆಂದರೆ ಕೆಂಪು ಮಕಮಲ್ಲಿನಂಥ ಮಿರಗದ ಹುಳ ಬರುತ್ತದೆ. ಸಗಣಿ ಉಂಡೆ ಉರುಳಿಸುವ ಹುಳ ಇದೆ, ಬೇಲಿಯ ಮೇಲೆ ತಲೆ ಆಡಿಸುವ ಓತಿಕ್ಯಾತ ಇದೆ. ಇವನ್ನು ನೋಡಿ ಹೊಸ ಪಾತ್ರ ಮಾಡಲಿಕ್ಕೆ ನಮ್ಮನ್ನು ಬ್ಯಾಡ ಅಂದವರು ಯಾರು? 2020ರಲ್ಲಿ ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ ಎಂಬ ತಂಡ ರಾಜಿ ಎಂಬ ನಮ್ಮ ದೇಶದ ಹುಡುಗಿಯನ್ನೇ ನಾಯಕಿ ಮಾಡಿ, ನಮ್ಮ ಪುರಾಣಗಳನ್ನು ಸೇರಿಸಿ ಆಟ ಹೊರತಂದಿತು. ಪುಣೆ ನಮಗೇನು ದೂರ ಅಲ್ಲ.

ಇನ್ನೊಂದು ವಿಚಾರ. ಮಾರಿಯೋ, ಪಿಕಾಚು, ಸೋನಿಕ್ ಇವರ ಹಕ್ಕು ಆಯಾ ಕಂಪನಿಗಳದು. ಮನೆಯಲ್ಲಿ ಕೂತು ಬಣ್ಣ ತುಂಬುವುದು ಬೇರೆ, ಪುಸ್ತಕ ಮಾಡಿ ಮಾರುವುದು ಬೇರೆ. ನಾವೇ ಯೋಚಿಸಿ ಎಳೆದ ಚಿತ್ರ ಮಾತ್ರ ಪೂರ್ತಿ ನಮ್ಮದು.

ಆದ್ದರಿಂದ ನನ್ನ ಸೂಚನೆ ಇಲ್ಲಿದೆ. ಐದನೆಯ ತರಗತಿಯಿಂದ ಮೇಲಿನವರು ಚೌಕ ಚೌಕದ ಲೆಕ್ಕದ ನೋಟಬುಕ್ಕಿನಲ್ಲಿ 16 ಅಡ್ಡ, 16 ಉದ್ದ ಎಣಿಸಿ ಚೌಕಟ್ಟು ಹಾಕಿಕೊಳ್ಳೋಣ. ಒಂದೊಂದು ಚೌಕ ಪೂರ್ತಿ ತುಂಬಬೇಕು, ಇಲ್ಲವೇ ಪೂರ್ತಿ ಬಿಡಬೇಕು. ಮೂರೇ ಬಣ್ಣ ಬಳಸಬೇಕು. ನವಿಲುತೀರ್ಥದ ನವಿಲು, ಕಿತ್ತೂರ ಕೋಟೆಯ ಬಾಗಿಲು, ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿ, ಮಗ್ಗದ ಮುಂದೆ ಕುಳಿತ ಕಾಕಾ, ನಮ್ಮ ಮನೆಯ ಎತ್ತು, ಮಿರಗದ ಹುಳ, ಯಾವುದಾದರೂ ಸರಿ. ಚೌಕ ಎಣಿಸಿದರೆ ಚಿತ್ರ ತಾನೇ ಬರುತ್ತದೆ, ಕೈ ನಡುಗುವ ಮಾತೇ ಇಲ್ಲ. ಆಮೇಲೆ ಅದನ್ನು ಬಿಳಿ ಹಾಳಿಯ ಮೇಲೆ ದೊಡ್ಡದು ಮಾಡಿ, ಕರಿ ಸ್ಕೆಚ್ ಪೆನ್ನಿನಿಂದ ದಪ್ಪ ಗೆರೆ ಎಳೆಯೋಣ. ಅದರ ಝೆರಾಕ್ಸ್ ತೆಗೆಸಿ ನಲಿ-ಕಲಿಯ ಮಕ್ಕಳಿಗೆ ಬಣ್ಣ ತುಂಬಲು ಕೊಡೋಣ. ಹಾಳಿಯ ಹಿಂದೆ ಆ ಚಿತ್ರದ ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆಯೋಣ. ಪ್ರಿಂಟಿಗೆ ಹೋಗುವ ರೊಕ್ಕವೇ ಇದಕ್ಕೂ ಸಾಕು.

ಗುರುಗಳಲ್ಲಿ, ಅಕ್ಕೋರಲ್ಲಿ ಒಂದು ವಿನಂತಿ. ಪಾಠ ಮುಗಿದು ಸಮಯ ಉಳಿದಾಗ ಹಾಳಿ ಹಂಚಿ ಸುಮ್ಮನೆ ಕೂಡ್ರಿಸುವ ಬದಲು, ಶನಿವಾರ ಒಂದು ತಾಸು ಈ ಕೆಲಸಕ್ಕೆ ಕೊಡಿರಿ. ದೊಡ್ಡವರು ಗೆರೆ ಎಳೆಯಲಿ, ಸಣ್ಣವರು ಬಣ್ಣ ತುಂಬಲಿ. ಮಾರಿಯೋನೂ ಇರಲಿ, ಅವನ ಪಕ್ಕದಲ್ಲಿ ನಮ್ಮ ಎತ್ತೂ ಇರಲಿ.

ಇದು ನನ್ನ ಅಭಿಪ್ರಾಯ. ಒಪ್ಪದವರು ಧಾರಾಳವಾಗಿ ಬರೆಯಿರಿ, ಮುಂದಿನ ಸಂಚಿಕೆಗೆ ಈ ಗೋಡೆಯಲ್ಲಿ ಜಾಗ ಇದೆ. ಒಪ್ಪುವವರು ಬರೆಯುವ ಮೊದಲು ಒಂದು ಚಿತ್ರ ಮಾಡಿ ತನ್ನಿರಿ.

ಇಂತಿ,
8ನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ