ಕಡಲ ತಳದ ನಕ್ಷೆ ದಕ್ಕೆಗೂ ಬರಲಿ

ದೇಶದ ಕಡಲ ತಳದಲ್ಲಿ ಎಲ್ಲಿ ಹೊಯ್ಗೆ, ಎಲ್ಲಿ ಕೆಸರು, ಎಲ್ಲಿ ಕಲ್ಲು ಎಂದು ನಕ್ಷೆ ಮಾಡುವ ಕಚೇರಿಯ ಕೇಂದ್ರಸ್ಥಾನ ಇರುವುದು ಮುಂಬೈಯಲ್ಲಲ್ಲ, ಚೆನ್ನೈಯಲ್ಲೂ ಅಲ್ಲ, ನಮ್ಮ ಮಂಗಳೂರಿನಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಸಾಗರ ಮತ್ತು ಕರಾವಳಿ ವಿಭಾಗ ಅದು. ನಾನು ಪಾಠ ಮಾಡುವ ಪ್ರೌಢಶಾಲೆಯಲ್ಲಿ ಬೋಟಿಗೆ ಹೋಗುವವರ ಮಕ್ಕಳು ಸಾಕಷ್ಟಿದ್ದಾರೆ. ಇಂಥದ್ದೊಂದು ಕಚೇರಿ ಇದೆಯೆಂದು ಕೇಳಿ ಗೊತ್ತಿದ್ದವರು ಅವರಲ್ಲಿ ಒಬ್ಬರೂ ಇಲ್ಲ. ಮನೆಯಲ್ಲಿ ವಿಚಾರಿಸಿ ಬನ್ನಿ ಎಂದೆ. ಅಪ್ಪಂದಿರಿಗೂ ಗೊತ್ತಿರಲಿಲ್ಲ.

ಗೊತ್ತಿಲ್ಲದಿದ್ದರೆ ಏನಾಯಿತು ಎಂದು ಕೇಳುವ ಕಾಲ ಈಗ ಮುಗಿದಿದೆ. 2024ರ ನವೆಂಬರಿನಲ್ಲಿ ಕೇಂದ್ರದ ಗಣಿ ಸಚಿವಾಲಯ ಕಡಲ ತಳದ 13 ಬ್ಲಾಕುಗಳನ್ನು ಹರಾಜಿಗೆ ಇಟ್ಟಿತು. ದೇಶದಲ್ಲಿ ಇಂಥ ಹರಾಜು ಅದೇ ಮೊದಲು. ಅವುಗಳಲ್ಲಿ ಮೂರು, ಕೇರಳದ ಕೊಲ್ಲಂ ಎದುರಿನ ಕಡಲಲ್ಲಿರುವ ಕಟ್ಟಡ ಕೆಲಸದ ಹೊಯ್ಗೆಯ ಬ್ಲಾಕುಗಳು. ಕೇರಳದ ಕಡಲ ತಳದಲ್ಲಿ ಇಂಥ ಹೊಯ್ಗೆ 74.5 ಕೋಟಿ ಟನ್ ಇದೆಯೆಂದು ಅಂದಾಜು ಕೊಟ್ಟದ್ದು ಇದೇ ಸರ್ವೇಕ್ಷಣಾ ಸಂಸ್ಥೆ. ಹರಾಜನ್ನು ವಿರೋಧಿಸಿ 2025ರ ಫೆಬ್ರವರಿ 27ರಂದು ಅಲ್ಲಿನ ಮೀನುಗಾರರು ಕರಾವಳಿ ಹರತಾಳ ನಡೆಸಿದರು. ಹರಾಜಿಗೆ ಆಧಾರವಾದ 2002ರ ಕಾಯ್ದೆ 2023ರಲ್ಲಿ ತಿದ್ದುಪಡಿಯಾಗಿದೆ. ಅದರ ಪ್ರಕಾರ ರಾಯಧನ ಹೋಗುವುದು ಕೇಂದ್ರಕ್ಕೆ. ಕೊಲ್ಲಂಗೆ ಬಂದದ್ದು ಉಳ್ಳಾಲಕ್ಕೆ, ಮಲ್ಪೆಗೆ ಬಾರದು ಎಂದು ನಂಬಿ ಕೂರಲು ನನಗಂತೂ ಧೈರ್ಯವಿಲ್ಲ.

ಈ ನಕ್ಷೆ ಹೇಗೆ ತಯಾರಾಗುತ್ತದೆ ಎಂದು ಹೇಳಬೇಕು. ನಾನು ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನ ಓದಿದವಳು. ಎರಡು ದವಡೆಯ ಕಬ್ಬಿಣದ ಗ್ರ್ಯಾಬ್ ಅನ್ನು ಹಗ್ಗ ಕಟ್ಟಿ ಕೆಳಗೆ ಬಿಡುತ್ತಾರೆ. ತಳ ಮುಟ್ಟಿದೊಡನೆ ಅದು ಬಾಯಿ ಮುಚ್ಚಿ ಅಷ್ಟು ಮಣ್ಣು ಕಚ್ಚಿಕೊಂಡು ಬರುತ್ತದೆ. ಪ್ರಯೋಗಾಲಯದಲ್ಲಿ ಆ ಮಣ್ಣಿನ ಉಪ್ಪು ತೊಳೆದು, ಕೊಳೆತ ಅಂಶ ಹೋಗಲೆಂದು ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೊರೆ ಉಕ್ಕುತ್ತದೆ. ಆಮೇಲೆ ಜರಡಿ. 2 ಮಿಲಿಮೀಟರಿನಿಂದ 0.063 ಮಿಲಿಮೀಟರಿನವರೆಗಿನ ಕಾಳು ಹೊಯ್ಗೆ, ಅಲ್ಲಿಂದ 0.004ರವರೆಗೆ ಹೂಳು, ಅದಕ್ಕಿಂತ ಸಣ್ಣದು ಜೇಡಿ. ಅಮೆರಿಕದ ವೆಂಟ್‌ವರ್ತ್ 1922ರಲ್ಲಿ ಹಾಕಿಕೊಟ್ಟ ಈ ಅಳತೆ ಇಂದಿಗೂ ಬಳಕೆಯಲ್ಲಿದೆ. ಜರಡಿಗೆ ಸಿಗದಷ್ಟು ಸಣ್ಣದನ್ನು ನೀರಲ್ಲಿ ಕದಡಿ, ಅದು ಇಳಿಯುವ ವೇಗದಿಂದ ಅಳೆಯುತ್ತಿದ್ದೆವು. ನುಣ್ಣನೆಯ ಹೊಯ್ಗೆ ಹತ್ತು ಸೆಂಟಿಮೀಟರ್ ಇಳಿಯಲು ಕೆಲವೇ ಸೆಕೆಂಡು ಸಾಕು. ಜೇಡಿಯ ಕಣಕ್ಕೆ ಎಂಟು ಗಂಟೆ ಬೇಕು. ಪಿಪೆಟ್ ಹಿಡಿದು ಗಡಿಯಾರ ನೋಡುತ್ತಾ ರಾತ್ರಿ ಕೂತವರಿಗೆ ಆ ಎಂಟು ಗಂಟೆಯ ಉದ್ದ ಗೊತ್ತು. ಈಗ ಲೇಸರ್ ಯಂತ್ರ ನಿಮಿಷಗಳಲ್ಲಿ ಆ ಕೆಲಸ ಮುಗಿಸುತ್ತದೆ. ಹೀಗೆ ಸಾವಿರಾರು ಜಾಗದ ಲೆಕ್ಕ ಸೇರಿದರೆ ಒಂದು ನಕ್ಷೆ.

ನಮ್ಮ ಕಡಲಿನ ನಕ್ಷೆ ತೋರಿಸುವುದೇನು? ದಡದಿಂದ ಸುಮಾರು ಹತ್ತು ಮೀಟರ್ ಆಳದವರೆಗೆ ಹೊಯ್ಗೆ. ಅಲ್ಲಿಂದ ಐವತ್ತು ಮೀಟರಿನ ಆಸುಪಾಸಿನವರೆಗೆ ನೇತ್ರಾವತಿ, ಗುರುಪುರದಂಥ ಹೊಳೆಗಳು ಮಳೆಗಾಲದಲ್ಲಿ ಹೊತ್ತು ತರುವ ಕೆಸರು. ದೂರ ಹೋದಷ್ಟೂ ಮಣ್ಣು ನುಣುಪಾಗಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಕೆಸರು ದಾಟಿದರೆ ಮತ್ತೆ ಹೊಯ್ಗೆ, ಚಿಪ್ಪಿನ ಚೂರು, ಸುಣ್ಣದ ಕಾಳು! ಕಾರಣ ಹಳೆಯದು. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗ ತುದಿ ಮುಟ್ಟಿದ್ದಾಗ, ಕಡಲ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಕಿನಾರೆ ಇದ್ದದ್ದು ಖಂಡಾವರಣದ ಅಂಚಿನಲ್ಲಿ. ಆ ಹೊಯ್ಗೆ ಅಂದಿನ ಕಡಲು ಬಿಟ್ಟುಹೋದದ್ದು. ಇಂದಿನ ಯಾವ ಹೊಳೆಯೂ ಅಲ್ಲಿಗೆ ಹೊಯ್ಗೆ ಮುಟ್ಟಿಸುವುದಿಲ್ಲ. ನೇತ್ರಾವತಿಯ ಹೊಯ್ಗೆ ತೆಗೆದರೆ ಮುಂದಿನ ಮಳೆಗಾಲ ಒಂದಿಷ್ಟಾದರೂ ತಂದುಕೊಟ್ಟೀತು. ಅಲ್ಲಿನದು ತೆಗೆದರೆ ತೆಗೆದದ್ದೇ.

ಇದು ಬರೀ ಪುಸ್ತಕದ ಮಾತಲ್ಲ. ನಂಗ್ ಮೀನು, ಸಿಗಡಿ ಬದುಕುವುದು ಕೆಸರಿನ ತಳದಲ್ಲಿ. ನನ್ನ ದೊಡ್ಡಪ್ಪ ಟ್ರಾಲ್ ಬೋಟಿನ ತಂಡೇಲರಾಗಿದ್ದರು. ಬಲೆ ಎಳೆದ ಮೇಲೆ ಅವರು ಮೊದಲು ನೋಡುತ್ತಿದ್ದದ್ದು ಮೀನನ್ನಲ್ಲ, ಬಲೆಯ ಬಾಯಿ ಬಿಡಿಸುವ ಹಲಗೆಯ ಕಬ್ಬಿಣದ ಅಂಚನ್ನು. ಅಂಚು ಉಜ್ಜಿ ಹೊಳೆಯುತ್ತಿದ್ದರೆ ಹೊಯ್ಗೆ, ಮೆತ್ತಿಕೊಂಡಿದ್ದರೆ ಕೆಸರು. ಗ್ರ್ಯಾಬ್ ತರುವ ಸುದ್ದಿಯೇ ಅದು. ವಿಜ್ಞಾನಿಗಳು ಹಾಳೆಯಲ್ಲಿ ಬರೆದಿಟ್ಟರು, ತಂಡೇಲರು ತಲೆಯಲ್ಲಿ ಇಟ್ಟುಕೊಂಡರು. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿದ್ದು ನಾನು ಕಂಡಿಲ್ಲ.

ಬಂದರಿಗೂ ಬೇಕು ಈ ಲೆಕ್ಕ. 1974ರಲ್ಲಿ ತೆರೆದ ಪಣಂಬೂರಿನ ನವಮಂಗಳೂರು ಬಂದರಿನ ಹಡಗು ಕಾಲುವೆ ಹಾದುಹೋಗುವುದು ಆ ಕೆಸರಿನ ಪಟ್ಟಿಯಲ್ಲೇ. ಮಳೆಗಾಲದ ಅಬ್ಬರಕ್ಕೆ ಅದು ತುಂಬುತ್ತದೆ, ಮತ್ತೆ ಹೂಳೆತ್ತುತ್ತಾರೆ. ಎತ್ತಿದ್ದನ್ನು ಕಡಲಿಗೇ ಸುರಿದಾಗ ಅದು ಅಲ್ಲೇ ನಿಲ್ಲುತ್ತದೋ, ತೇಲಿ ಬೇರೆಯವರ ಬಲೆಯ ಜಾಗಕ್ಕೆ ಹೋಗುತ್ತದೋ ಎಂಬುದನ್ನು ಹೇಳುವುದು ಅದರ ಕಾಳಿನ ಗಾತ್ರ. ಕಡಲ್ಕೊರೆತ ತಡೆಯಲೆಂದು ಉಳ್ಳಾಲದಲ್ಲಿ ಕಲ್ಲು ಹಾಕಿದೆವು, ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು ಕಡಲಲ್ಲಿ ರೀಫ್ ಕಟ್ಟಿದೆವು. ಕಿನಾರೆಯಿಂದ ಕಳಚಿದ ಹೊಯ್ಗೆ ಎಲ್ಲಿಗೆ ಹೋಗಿ ಕೂತಿದೆ ಎಂದು ಪ್ರತಿ ವರ್ಷ ಅಳೆದು ಊರವರಿಗೆ ತೋರಿಸುವ ವ್ಯವಸ್ಥೆ ಮಾತ್ರ ಕಟ್ಟಲಿಲ್ಲ.

ಇನ್ನು, ಲೋಹದ ಅಂಶ, ಎಣ್ಣೆಯಂಥ ವಿಷ ಅಂಟಿಕೊಳ್ಳುವುದು ಹೊಯ್ಗೆಗಿಂತ ಜೇಡಿಗೆ ಹೆಚ್ಚು. 2025ರ ಮೇ 25ರಂದು ಕೇರಳದ ಕಡಲಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಮುಳುಗಿತು. ನಾಳೆ ಅಂಥ ಹಡಗು ನಮ್ಮೆದುರು ಮುಳುಗಿದರೆ, ಹಿಂದಿನ ದಿನ ತಳ ಹೇಗಿತ್ತು ಎಂಬ ದಾಖಲೆ ಕೈಯಲ್ಲಿಲ್ಲದೆ ಪರಿಹಾರ ಕೇಳುವುದು ಹೇಗೆ?

ನಕ್ಷೆ ನೋಡಲು ಸರ್ವೇಕ್ಷಣಾ ಸಂಸ್ಥೆಯ ಭೂಕೋಶ್ ಜಾಲತಾಣವೇ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಇದೆ. ಅದನ್ನು ತೆರೆದು, ಪದರ ಆರಿಸಿ, ಇಂಗ್ಲಿಷಿನ ಸಂಕೇತ ಓದಲು ನಮ್ಮ ತಂಡೇಲರಿಗೆ ಇನ್ನೊಂದು ಪದವಿ ಬೇಕು. ದೇಶದ ಭದ್ರತೆಯ ಮಾತು ತೆಗೆಯುವವರೂ ಇದ್ದಾರೆ. ತಳ ಹೊಯ್ಗೆಯೋ ಕೆಸರೋ ಎಂಬುದು ಎಂದೂ ಗುಟ್ಟಾಗಿರಲಿಲ್ಲ. ಸೀಸದ ಗುಂಡಿನ ಅಡಿಗೆ ಕೊಬ್ಬು ಮೆತ್ತಿ ಇಳಿಸಿ, ಅಂಟಿಬಂದದ್ದನ್ನು ನೋಡಿ ನಾವಿಕರು ಹಿಂದಿನಿಂದಲೂ ಚಾರ್ಟಿನಲ್ಲಿ ಗುರುತು ಹಾಕುತ್ತಿದ್ದರು. ಲಂಗರು ಎಲ್ಲಿ ಹಿಡಿಯುತ್ತದೆ ಎಂದು ತಿಳಿಯಬೇಕಲ್ಲ.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು. ನಕ್ಷೆ ಸಿಕ್ಕರೆ ಟ್ರಾಲ್ ಬೋಟುಗಳು ಸಿಗಡಿಯ ಕೆಸರನ್ನು ಇನ್ನಷ್ಟು ಕೆರೆದುಹಾಕುವುದಿಲ್ಲವೇ? ಆ ಅಪಾಯ ಇದೆ. ಆದರೆ ಕೆನಡಾದ ಅಟ್ಲಾಂಟಿಕ್ ತೀರದ ಸ್ಕಾಲಪ್ ಹಿಡಿಯುವವರ ಅನುಭವ ಬೇರೆ ಹೇಳುತ್ತದೆ. ಸ್ಕಾಲಪ್ ಚಿಪ್ಪು ಇರುವುದು ಜಲ್ಲಿಯ ತಳದಲ್ಲಿ. ಆ ತಳ ಎಲ್ಲಿದೆಯೆಂದು ನಕ್ಷೆಯಲ್ಲಿ ಕಂಡ ಮೇಲೆ ಅವರು ತಮ್ಮ ಪಾಲನ್ನು ಮೊದಲಿಗಿಂತ ಬಹಳ ಕಡಿಮೆ ತಳ ಕೆರೆದು, ಕಡಿಮೆ ಡೀಸೆಲ್ ಸುಟ್ಟು ಹಿಡಿಯತೊಡಗಿದರು. ಹಿಡಿಯುವ ಪ್ರಮಾಣಕ್ಕೆ ಮಿತಿ ಇದ್ದುದರಿಂದ ಇದು ಸಾಧ್ಯವಾಯಿತು. ಹಾಗಾಗಿ ನಕ್ಷೆಯ ಜೊತೆಗೆ ಮಿತಿಯೂ ಬರಬೇಕು. ನಕ್ಷೆ ಮುಚ್ಚಿಟ್ಟರೆ ಮಿತಿ ಬರುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಮಂಗಳೂರು ಮತ್ತು ಮಲ್ಪೆಯಲ್ಲಿ ಬೋಟುಗಳು ಮೀನು ಇಳಿಸುವ ದಕ್ಕೆಯಲ್ಲಿ ಕಡಲ ತಳದ ನಕ್ಷೆ ಕನ್ನಡದಲ್ಲಿ, ಗೋಡೆ ತುಂಬುವಷ್ಟು ದೊಡ್ಡದಾಗಿ ಇರಲಿ. ಮೀನುಗಾರರು ತಿದ್ದಿದ್ದನ್ನು ಬರೆದುಕೊಳ್ಳುವವರು ಪಕ್ಕದಲ್ಲಿರಲಿ. ಜೂನ್, ಜುಲೈಯ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಆ ರಜೆಗೆ ಮುಂಚೆ ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ, ಪ್ರತಿ ವರ್ಷ ಅದೇ ಜಾಗಗಳಲ್ಲಿ ತಳದ ಮಣ್ಣು ತೆಗೆದು ಅಳೆಯಲಿ. ಜನ ನಮ್ಮಲ್ಲೇ ಇದ್ದಾರೆ: ಕೊಣಾಜೆಯ ಸಾಗರ ಭೂವಿಜ್ಞಾನ ವಿಭಾಗ, ಸುರತ್ಕಲ್ಲಿನ ಎನ್‌ಐಟಿಕೆ, 1969ರಲ್ಲಿ ಶುರುವಾದ ದೇಶದ ಮೊದಲ ಮೀನುಗಾರಿಕಾ ಕಾಲೇಜು. ಬೋಟುಗಳೂ ನಮ್ಮವೇ. ಇಷ್ಟು ಆಗುವ ತನಕ ಕರ್ನಾಟಕದ ಕಡಲಲ್ಲಿ ಒಂದು ಬ್ಲಾಕನ್ನೂ ಗುರುತಿಸಬಾರದು ಎಂದು ರಾಜ್ಯ ಸರ್ಕಾರ ಈಗಲೇ ದಿಲ್ಲಿಗೆ ಬರೆಯಲಿ. ಹರಾಜು ಕೂಗುವವನ ಕೈಗೆ ಹೋಗುವ ಹಾಳೆ, ಅಲ್ಲಿ ಬಲೆ ಬಿಡುವವನ ಕೈಗೆ ಅದಕ್ಕಿಂತ ಒಂದು ದಿನ ಮೊದಲೇ ಬರಬೇಕು.