ಕೋಟ್‌ಗಢದ ಸೇಬಿನ ತೋಟಗಳು

ಸಿಮ್ಲೆಯಿಂದ ಹಳೆಯ ಹಿಂದೂಸ್ಥಾನ–ತಿಬೇಟ್ ಮಾರ್ಗದಲ್ಲಿ ಸುಮಾರು ಐವತ್ತು ಮೈಲಿ ಸಾಗಿದರೆ ಸಟ್ಲೆಜ್ ನದಿಯ ಕಣಿವೆಯ ಮೇಲ್ಗಡೆ ಕೋಟ್‌ಗಢವೆಂಬ ಸೀಮೆಯು ಸಿಕ್ಕುವುದು. ದೇವದಾರು ವೃಕ್ಷಗಳ ಸಾಲು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಜಮೀನು, ಏಪ್ರಿಲ್ ಮಾಸದಲ್ಲಿ ಇಡೀ ಇಳಿಜಾರನ್ನು ಮುಚ್ಚುವ ಗುಲಾಬಿ ಛಾಯೆಯ ಬಿಳಿ ಹೂ, ಇವುಗಳನ್ನು ಕಂಡವರು ಇದು ಅನಾದಿಯಿಂದಲೂ ಸೇಬಿನ ನಾಡೆಂದೇ ಭಾವಿಸುವರು. ಅದು ತಪ್ಪು. ಆ ತಪ್ಪನ್ನು ತಿದ್ದಿಕೊಳ್ಳದೆ ಆ ಸೀಮೆಯ ಈಗಿನ ಕಷ್ಟವು ಅರ್ಥವಾಗುವಂತಿಲ್ಲ.

ಇಂಗ್ಲಿಷರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕುಲು ಕಣಿವೆಯಲ್ಲಿ ಸೇಬನ್ನು ನೆಟ್ಟಿದ್ದರು. ಆದರೆ ಆ ಹಣ್ಣುಗಳ ಹುಳಿಯು ಈ ದೇಶದವರ ನಾಲಗೆಗೆ ಹಿಡಿಸಲಿಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದಿಂದ ೧೯೦೪ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಬಂದು ಕೋಟ್‌ಗಢದಲ್ಲಿಯೇ ನೆಲೆನಿಂತ ಸ್ಯಾಮ್ಯುಯಲ್ ಸ್ಟೋಕ್ಸರು ೧೯೧೬ರಲ್ಲಿ ತಮ್ಮ ದೇಶದಿಂದ ಸಿಹಿಯಾದ ‘ರೆಡ್ ಡೆಲಿಷಸ್’ ಜಾತಿಯ ಸಸಿಗಳನ್ನು ತರಿಸಿ ನೆಟ್ಟರು. ಗುಡ್ಡಗಾಡಿನ ಬಡ ರೈತರನ್ನು ಸರಕಾರದ ಅಧಿಕಾರಿಗಳ ಹೊರೆ ಹೊರಲು ಹಿಡಿದೊಯ್ಯುತ್ತಿದ್ದ ‘ಬೇಗಾರ್’ ಎಂಬ ಬಿಟ್ಟಿಯ ವಿರುದ್ಧ ೧೯೨೧ರಲ್ಲಿ ಹೋರಾಡಿದವರೂ ಅವರೇ. ೧೯೩೨ರಲ್ಲಿ ಹಿಂದೂ ಧರ್ಮವನ್ನು ಸ್ವೀಕರಿಸಿ ಸತ್ಯಾನಂದರೆಂಬ ಹೆಸರು ಪಡೆದು, ೧೯೪೬ರಲ್ಲಿ ತೀರಿಕೊಂಡರು. ಬಿಟ್ಟಿಯನ್ನು ಬಿಡಿಸಿದ್ದೂ ಸಸಿಯನ್ನು ಕೊಟ್ಟದ್ದೂ ಒಂದೇ ಕಾರ್ಯದ ಎರಡು ಭಾಗಗಳೆಂದು ಹೇಳಬೇಕು. ಹೊಲ ಬಿಟ್ಟು ಹೊರೆ ಹೊರುವವನು ಫಲ ಕೊಡಲು ಹಲವು ವರ್ಷ ಹಿಡಿಯುವ ಗಿಡವನ್ನು ಹೇಗೆ ತಾನೇ ಸಾಕಿಯಾನು?

ಹೀಗೆ ಬಂದ ಐಶ್ವರ್ಯವೇ ಒಂದು ದೋಷವನ್ನೂ ತಂದಿತು. ಬೆಲೆ ಬರುವ ಒಂದೇ ಜಾತಿಯನ್ನು ಎಲ್ಲೆಡೆಯೂ ತುಂಬಿದರು. ಡೆಲಿಷಸ್ ಜಾತಿಯ ಹೂವು ತನ್ನ ಪರಾಗದಿಂದಲೇ ಸರಿಯಾಗಿ ಕಾಯಿ ಕಟ್ಟದು. ‘ಗೋಲ್ಡನ್ ಡೆಲಿಷಸ್’ ಮುಂತಾದ ಬೇರೆ ಜಾತಿಯ ಗಿಡಗಳು ನಡುನಡುವೆ ಇರಬೇಕು. ಅವುಗಳ ಹಣ್ಣಿಗೆ ಬೆಲೆ ಕಡಮೆಯೆಂದು ಅನೇಕರು ಜಾಗ ಕೊಡಲಿಲ್ಲ. ಪರಾಗಕ್ಕಾಗಿ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತರುವ ರೂಢಿ ಬಂದಿದೆ. ಆದರೆ ಒಯ್ಯಲು ಪರಾಗವೇ ಇಲ್ಲದ ತೋಟದಲ್ಲಿ ಜೇನ್ನೊಣವು ಮಾಡುವುದೇನು? ೧೯೮೨–೮೩ರಲ್ಲಿ ಹುರುಕು ರೋಗವು ಹಬ್ಬಿದಾಗ ಒಂದೇ ಜಾತಿಯನ್ನು ನಂಬಿದುದರ ಅಪಾಯವು ಎಲ್ಲರಿಗೂ ಕಂಡಿತ್ತು.

ಈಗ ಚಳಿಯೇ ಕೈಕೊಡುತ್ತಿದೆ. ಈ ಜಾತಿಗೆ ಚಳಿಗಾಲದಲ್ಲಿ ಏಳು ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿನ ಶೈತ್ಯವು ಸಾವಿರ ಗಂಟೆಗೂ ಮಿಕ್ಕು ದೊರೆಯಬೇಕು. ಇಲ್ಲವಾದರೆ ಮೊಗ್ಗು ಏಕಕಾಲದಲ್ಲಿ ಒಡೆಯದು. ಹಿಮ ಕಡಮೆಯಾದಂತೆ ಕೆಳಗಿನ ತೋಟಗಳು ಸೊರಗಿ, ಸೇಬು ಕಿನ್ನೌರದ ಎತ್ತರಗಳಿಗೆ ಏರುತ್ತಲಿದೆ. ಕೆಲವರು ಅಲ್ಪ ಚಳಿಯನ್ನು ಬೇಡುವ ‘ಗಾಲಾ’ ಜಾತಿಯನ್ನು ಕುಳ್ಳು ಬೇರುಗಿಡದ ಮೇಲೆ ಕಸಿ ಮಾಡಿ ಒತ್ತಾಗಿ ನೆಡುತ್ತಿರುವರು. ಪ್ರಯತ್ನವು ಸ್ತುತ್ಯವೇ. ಆದರೆ ಹಳೆಯ ಮರಗಳನ್ನೆಲ್ಲ ಒಮ್ಮೆಗೇ ಕಡಿದು ಮತ್ತೆ ಒಂದೇ ಜಾತಿಯನ್ನು ತುಂಬುವುದು ವಿವೇಕವಲ್ಲ. ಇಂಥ ಗಿಡಗಳ ಬೇರು ಆಳಕ್ಕಿಳಿಯದು. ಊರೆಗೋಲೂ ನಿಯತವಾದ ನೀರೂ ಬೇಕು. ಬರಿಯ ಮಳೆ ಹಿಮಗಳನ್ನು ನಂಬಿದ ಆ ಕಡಿದಾದ ಇಳಿಜಾರಿನಲ್ಲಿ ತೋಟಗಾರನು ಸಸಿಗೆ ಹಣ ಕೊಡುವುದಕ್ಕೆ ಮುಂಚೆ ತನ್ನ ಜಮೀನಿನ ಮೇಲಿರುವ ಒರತೆಯು ಮೇ ತಿಂಗಳಲ್ಲಿ ಎಷ್ಟು ಸುರಿಯುತ್ತದೆಂಬುದನ್ನು ಅಳೆದು ನೋಡತಕ್ಕದ್ದು.